ಮಾರ್ಗೊ ಜೋನ್ಸ್ ಮತ್ತು ಹೊಸ ನಾಟಕಗಳ ರಂಗಮಂದಿರ

ಲಾಸ್ ಕೊಲಿನಾಸ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ಡಾಲಸ್‌ನ ಫೇರ್ ಪಾರ್ಕ್‌ಗೆ ಹೋಗುವುದು ಹೆಚ್ಚಾಗಿ ವರ್ಷಕ್ಕೊಮ್ಮೆ ನಡೆಯುವ ಸ್ಟೇಟ್ ಫೇರ್ ಜಾತ್ರೆಗೆ. ಅದೇ ಆವರಣದಲ್ಲಿ ಮ್ಯಾಗ್ನೋಲಿಯಾ ಲೌಂಜ್ ಎಂಬ ಪುಟ್ಟ ಕಟ್ಟಡವೊಂದಿದೆ. 1936ರ ಟೆಕ್ಸಾಸ್ ಶತಮಾನೋತ್ಸವ ಪ್ರದರ್ಶನಕ್ಕೆಂದು ವಿಲಿಯಂ ಲೆಸ್ಕಾಜ್ ಅದನ್ನು ವಿನ್ಯಾಸಗೊಳಿಸಿದರು. 1947ರ ಜೂನ್ 3ರಂದು ಮಾರ್ಗೊ ಜೋನ್ಸ್ ಅಲ್ಲಿ 198 ಆಸನಗಳ ವೃತ್ತಿ ರಂಗಮಂದಿರ ತೆರೆದರು. ಆಟ ನಡುವೆ, ಪ್ರೇಕ್ಷಕರು ಸುತ್ತಲೂ. ಪರದೆಯೂ ಇಲ್ಲ, ಹಿಂಗೋಡೆಯೂ ಇಲ್ಲ.

ರಂಗ ಇತಿಹಾಸ ಅವರನ್ನು ನೆನೆಯುವುದು ಈ ವೃತ್ತರಂಗದ ಪ್ರವರ್ತಕಿಯೆಂದು. ಅದು ಅರ್ಧ ಸತ್ಯ. ಬಯಲಾಟ ಕಂಡ ನಮಗೆ ಜನರ ನಡುವೆಯೇ ಆಟ ಕಟ್ಟುವುದು ಹೊಸದೇನೂ ಅಲ್ಲ. ಜೋನ್ಸ್ ಅವರ ದೊಡ್ಡ ಸಾಧನೆ ಇರುವುದು ಆಡಲು ಅವರು ಆಯ್ದ ನಾಟಕಗಳಲ್ಲಿ.

1911ರಲ್ಲಿ ಪೂರ್ವ ಟೆಕ್ಸಾಸ್‌ನ ಲಿವಿಂಗ್‌ಸ್ಟನ್‌ನಲ್ಲಿ ಅವರು ಹುಟ್ಟಿದರು; ತಂದೆ ವಕೀಲರು. ಕೋರ್ಟಿನಲ್ಲಿ ನಡೆಯುತ್ತಿದ್ದ ವಾದವಿವಾದವೇ ಆ ಹುಡುಗಿ ಕಂಡ ಮೊದಲ ನಾಟಕ. ಡೆಂಟನ್‌ನಲ್ಲಿ ಕಲಿತು 1936ರಲ್ಲಿ ಹ್ಯೂಸ್ಟನ್ ಕಮ್ಯುನಿಟಿ ಪ್ಲೇಯರ್ಸ್ ಎಂಬ ಹವ್ಯಾಸಿ ತಂಡ ಕಟ್ಟಿದರು. ಹ್ಯೂಸ್ಟನ್‌ನ ಬೇಸಿಗೆಯ ಸೆಕೆಯಲ್ಲಿ ನಾಟಕಶಾಲೆಯೊಳಗೆ ಕೂರುವುದು ಕಷ್ಟ. ಹವಾನಿಯಂತ್ರಣವಿದ್ದದ್ದು ಹೋಟೆಲಿನಲ್ಲಿ, ಆದರೆ ಅಲ್ಲಿ ವೇದಿಕೆ ಇರಲಿಲ್ಲ. ಹಾಗಾಗಿ 1939ರಲ್ಲಿ ಕುರ್ಚಿಗಳನ್ನು ಸುತ್ತ ಇರಿಸಿ ನಡುವೆ ಆಡಿಸಿದರು. ಅವರ ವೃತ್ತರಂಗದ ಬೇರು ಇರುವುದು ಈ ಅನಿವಾರ್ಯತೆಯಲ್ಲಿ.

1942ರಿಂದ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಆ ವರ್ಷಗಳಲ್ಲೇ, ಇನ್ನೂ ಹೆಸರಾಗದಿದ್ದ ಟೆನ್ನೆಸ್ಸಿ ವಿಲಿಯಮ್ಸ್‌ ಅವರ ಬರಹವನ್ನು ನಂಬಿ ಬೆನ್ನಿಗೆ ನಿಂತರು. 1944ರಲ್ಲಿ ರಾಕ್‌ಫೆಲ್ಲರ್ ಫೌಂಡೇಶನ್ ಸಹಾಯಧನ ದೊರೆತು, ದೇಶದ ರಂಗತಂಡಗಳ ಅಧ್ಯಯನಕ್ಕೆ ಹೊರಟಿದ್ದರು. ವಿಲಿಯಮ್ಸ್‌ರ ‘ದಿ ಗ್ಲಾಸ್ ಮೆನಾಜರಿ’ ಕೈಗೆ ಬಂದಾಗ ಅಧ್ಯಯನವನ್ನು ನಡುವೆಯೇ ನಿಲ್ಲಿಸಿ ಎಡ್ಡಿ ಡೌಲಿಂಗ್ ಜೊತೆ ಸಹನಿರ್ದೇಶಕಿಯಾದರು. ನಾಟಕ 1945ರ ಮಾರ್ಚ್‌ನಲ್ಲಿ ಬ್ರಾಡ್‌ವೇ ಮುಟ್ಟಿತು. ಅಂಥ ಯಶಸ್ಸಿನ ಬಳಿಕ ನ್ಯೂಯಾರ್ಕ್‌ನಲ್ಲೇ ಉಳಿಯುವವರೇ ಹೆಚ್ಚು. ಅವರು ಟೆಕ್ಸಾಸ್‌ಗೆ ಮರಳಿದರು.

ಡಾಲಸ್ ರಂಗಮಂದಿರದ ಹೆಸರು ‘ಥಿಯೇಟರ್ 47’. ಹಳತಾಗಬಾರದೆಂದು ಪ್ರತಿ ಹೊಸ ವರ್ಷಕ್ಕೆ 48, 49 ಎಂದು ಬದಲಾಗುತ್ತಿತ್ತು. ನಿಯಮ ಒಂದೇ: ಆಡಿದರೆ ಅಭಿಜಾತ ಕೃತಿ, ಇಲ್ಲವೇ ಹೊಚ್ಚ ಹೊಸ ನಾಟಕ. ಬ್ರಾಡ್‌ವೇಯಲ್ಲಿ ಗೆದ್ದದ್ದನ್ನು ಮತ್ತೆ ಆಡಿ ಟಿಕೆಟ್ ಮಾರುವ ಸುಲಭದ ದಾರಿಗೆ ಅಲ್ಲಿ ಜಾಗವಿರಲಿಲ್ಲ. ಮೊದಲ ಪ್ರಯೋಗವೇ ವಿಲಿಯಂ ಇಂಜ್ ಎಂಬ ಹೊಸಬರದು. ಅದೇ ಬೇಸಿಗೆಯಲ್ಲಿ ವಿಲಿಯಮ್ಸ್‌ರ ‘ಸಮ್ಮರ್ ಅಂಡ್ ಸ್ಮೋಕ್’ ಬಂತು. ಜೋನ್ಸ್ ಕಾಲದಲ್ಲಿ ಆಡಿದ 85 ನಾಟಕಗಳಲ್ಲಿ 57 ಹೊಸವು. ಎರಡು ನೂರು ಆಸನವೂ ಇಲ್ಲದ ಮಂದಿರಕ್ಕೆ ಇದು ಎಂಥ ಧೈರ್ಯವೆಂಬುದು ತಂಡ ನಡೆಸಿದವರಿಗೆ ಗೊತ್ತು.

ಈ ಆಯ್ಕೆಗೆ ಬೆಲೆ ಬಂದದ್ದು 1955ರ ಜನವರಿಯಲ್ಲಿ. ವಿಕಾಸವಾದ ಕಲಿಸಿದ ಶಿಕ್ಷಕನ ಮೇಲೆ 1925ರಲ್ಲಿ ನಡೆದ ಸ್ಕೋಪ್ಸ್ ಮೊಕದ್ದಮೆಯನ್ನು ಆಧರಿಸಿ ಜೆರೋಮ್ ಲಾರೆನ್ಸ್ ಮತ್ತು ರಾಬರ್ಟ್ ಲೀ ಬರೆದ ‘ಇನ್‌ಹೆರಿಟ್ ದಿ ವಿಂಡ್’ ನಾಟಕವನ್ನು ಬ್ರಾಡ್‌ವೇ ನಿರ್ಮಾಪಕರು ಮುಟ್ಟಲೊಲ್ಲದೆ ಹೋದರು. ಕಮ್ಯುನಿಸ್ಟರೆಂದು ಶಂಕಿಸಿ ಜನರನ್ನು ಬೇಟೆಯಾಡಿದ ಸೆನೆಟರ್ ಮೆಕಾರ್ಥಿಯ ಹೆದರಿಕೆ ಇನ್ನೂ ಆರಿರಲಿಲ್ಲ. ಧಾರ್ಮಿಕ ಶ್ರದ್ಧೆ ಗಾಢವಾಗಿದ್ದ ಡಾಲಸ್‌ನಲ್ಲಿ ವಕೀಲರ ಮಗಳು ಆ ಕೋರ್ಟನ್ನು ರಂಗಕ್ಕೆ ತಂದರು. ಏಪ್ರಿಲ್‌ನಲ್ಲಿ ಬ್ರಾಡ್‌ವೇ ಬಾಗಿಲು ತೆರೆಯಿತು.

ರಾಜಧಾನಿಗೆ ಕಾಯದೆ ಊರಿನಲ್ಲೇ ರಂಗಭೂಮಿ ಕಟ್ಟುವ ಇದೇ ಛಲ 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಮ್‌ನಲ್ಲೂ ಇತ್ತು. ಒಬ್ಬರಿಗೊಬ್ಬರು ಪ್ರೇರಣೆಯಾದರೆಂದಲ್ಲ, ಆದರೆ ನೀನಾಸಮ್ ಕಟ್ಟಿದ ಕೆ.ವಿ. ಸುಬ್ಬಣ್ಣನವರನ್ನು ಬಲ್ಲ ಓದುಗರಿಗೆ ಜೋನ್ಸ್ ಅಪರಿಚಿತರೆನಿಸಲಾರರು.

1955ರ ಜುಲೈ 24ರಂದು ಜೋನ್ಸ್ ತೀರಿಕೊಂಡರು. ಮನೆಯ ಜಮಖಾನ ತೊಳೆಯಲು ಬಳಸಿದ ಕಾರ್ಬನ್ ಟೆಟ್ರಾಕ್ಲೋರೈಡ್‌ನ ಆವಿ ಮೂತ್ರಪಿಂಡಗಳನ್ನು ಕೆಡಿಸಿತ್ತು. ಮಂದಿರ 1959ರವರೆಗೆ ನಡೆದು ಮುಚ್ಚಿತು. ಅವರ ಹ್ಯೂಸ್ಟನ್ ತಂಡದಲ್ಲಿದ್ದ ನೀನಾ ವ್ಯಾನ್ಸ್ 1947ರಲ್ಲಿ ಸ್ಥಾಪಿಸಿದ ಆ್ಯಲಿ ಥಿಯೇಟರ್ ಇಂದಿಗೂ ಹ್ಯೂಸ್ಟನ್‌ನಲ್ಲಿ ನಾಟಕ ಆಡುತ್ತಿದೆ. ಲಾರೆನ್ಸ್ ಮತ್ತು ಲೀ ಗೆಳತಿಯ ಹೆಸರಿನಲ್ಲಿ ಸ್ಥಾಪಿಸಿದ ಪ್ರಶಸ್ತಿ, ಹೊಸ ನಾಟಕಗಳನ್ನು ಪೋಷಿಸಿದವರಿಗೇ ಮೀಸಲು.