ಕಬಾಯಿ, ಕುಲ್ಲಾಯಿ: ವಿಜಯನಗರದ ಆಸ್ಥಾನದ ಉಡುಪು



ಕೃಷ್ಣದೇವರಾಯನ ಎರಡು ಚಿತ್ರಗಳು ನಮಗೆ ಉಳಿದಿವೆ. ತಿರುಮಲೆ ದೇವಾಲಯದ ಲೋಹಪ್ರತಿಮೆಯಲ್ಲಿ ಅವನು ಇಬ್ಬರು ರಾಣಿಯರೊಡನೆ ಕೈಮುಗಿದು ನಿಂತಿದ್ದಾನೆ. ಉಟ್ಟಿರುವುದು ಪಂಚೆ, ಎದೆ ಬರಿದು. 1520ರ ಸುಮಾರಿಗೆ ಅವನನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿರುವುದೇ ಬೇರೆ: ಚಿನ್ನದ ಗುಲಾಬಿಗಳ ಕಸೂತಿಯಿದ್ದ ಬಿಳಿಯ ಉಡುಪು, ತಲೆಗೆ ಜರತಾರಿ ಟೋಪಿ, ಕಾಲಿಗೆ ಮಾತ್ರ ಏನೂ ಇಲ್ಲ. ಇವೆರಡರಲ್ಲಿ ಯಾವುದು ನಿಜ?

ಎರಡೂ ನಿಜ. ಒಂದು ದೇವರ ಮುಂದಿನ ಉಡುಪು, ಇನ್ನೊಂದು ಆಸ್ಥಾನದ್ದು. ಆಸ್ಥಾನದ ಉದ್ದ ತೋಳಿನ ಹೊಲಿದ ನಿಲುವಂಗಿಯೇ ಕಬಾಯಿ. ಎತ್ತರದ ಟೋಪಿಯೇ ಕುಲ್ಲಾಯಿ. ಮೊದಲನೆಯದು ಅರಬ್ಬಿಯ 'ಕಬಾ' ಶಬ್ದದಿಂದ, ಎರಡನೆಯದು ಪಾರಸಿಯ 'ಕುಲಾಹ್' ಶಬ್ದದಿಂದ ಬಂದವು. ಕುಲ್ಲಾಯಿಯಂತೂ ತಿರುಮಲೆಯ ಪ್ರತಿಮೆಯ ತಲೆಯ ಮೇಲೂ ಇದೆ!

ಈ ಉಡುಪು ಕೃಷ್ಣದೇವರಾಯನಿಗಿಂತ ಹಳೆಯದು. 1443ರಲ್ಲಿ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕ್, ಇಮ್ಮಡಿ ದೇವರಾಯನು ಜೈತೂನಿ ಸ್ಯಾಟಿನ್ನಿನ ನಿಲುವಂಗಿ ತೊಟ್ಟಿದ್ದನೆಂದು ಬರೆದಿದ್ದಾನೆ. ಜೈತೂನ್ ಎಂದರೆ ಅರಬರು ಚೀನಾದ ಕ್ವಾಂಝೌ ಬಂದರಿಗೆ ಇಟ್ಟಿದ್ದ ಹೆಸರು. 16ನೆಯ ಶತಮಾನದ ಲೇಪಾಕ್ಷಿಯ ವರ್ಣಚಿತ್ರಗಳಲ್ಲಿ ನಿಲುವಂಗಿ ತೊಟ್ಟು ಎತ್ತರದ ಟೋಪಿ ಧರಿಸಿದ ಗಣ್ಯರ ಸಾಲನ್ನೇ ನೋಡಬಹುದು.

ಹಾಗಾದರೆ ಇದು ಸುಲ್ತಾನರ ಬರೀ ಅನುಕರಣೆಯೇ? ಇತಿಹಾಸಕಾರ ಫಿಲಿಪ್ ವ್ಯಾಗನರ್ 1996ರ ತಮ್ಮ ಪ್ರಬಂಧದಲ್ಲಿ ಬೇರೆ ಉತ್ತರ ಕೊಟ್ಟರು. ಕುದುರೆ, ರೇಷ್ಮೆ, ರಾಯಭಾರಿಗಳು ಓಡಾಡುತ್ತಿದ್ದ ವಿಶಾಲ ಜಗತ್ತಿನಲ್ಲಿ ಆ ಉಡುಪು ಎಲ್ಲರಿಗೂ ಅರ್ಥವಾಗುವ ಭಾಷೆಯಾಗಿತ್ತು. ಸಂಗಮ ದೊರೆಗಳು 'ಹಿಂದೂರಾಯ ಸುರತ್ರಾಣ' ಎಂಬ ಬಿರುದು ಧರಿಸಿದ್ದೂ ಇದೇ ಕಾರಣಕ್ಕೆ. 'ಸುರತ್ರಾಣ' ಎಂದರೆ ಸುಲ್ತಾನ. ದೇಗುಲದೊಳಗೆ ಅವರ ಧರ್ಮ ಬದಲಾಗಲಿಲ್ಲ.

ಅಂಗಿಯೇ ಮರ್ಯಾದೆಯ ಗುರುತೂ ಆಗಿತ್ತು. ಪೋರ್ಚುಗೀಸ್ ತಂಡದ ನಾಯಕ ಕ್ರಿಸ್ಟೊವಾವ್ ದೆ ಫಿಗೆರೇದೊನನ್ನು ಬೀಳ್ಕೊಡುವಾಗ ರಾಯನು ಜರತಾರಿ ಕಬಾಯಿಯನ್ನೂ ತನ್ನಂಥದೇ ಟೋಪಿಯನ್ನೂ ಕೊಟ್ಟನೆಂದು ಪಾಯೆಸ್ ಹೇಳುತ್ತಾನೆ. ನಮ್ಮ 'ಉಡುಗೊರೆ' ಶಬ್ದದಲ್ಲೂ 'ಉಡು' ಇರುವುದನ್ನು ಗಮನಿಸಿ.

ಉಡುಪು ಎಲ್ಲೆಡೆಯೂ ರಾಜ್ಯದ ವಿಷಯವೇ. ಕೊರಿಯಾದ ದೊರೆ ಗೊಜೊಂಗ್ 1884ರಲ್ಲಿ ಅಗಲ ತೋಳಿನ ಮೇಲಂಗಿಗಳನ್ನು ಬಿಡಿಸಿ, ಕಿರಿದೋಳಿನ 'ದುರುಮಾಗಿ'ಯನ್ನು ತರಹೊರಟಾಗ ಅಲ್ಲಿನ ಪಂಡಿತರು ತೀವ್ರವಾಗಿ ವಿರೋಧಿಸಿದರು. ಇಂದು ಅದೇ ದುರುಮಾಗಿ ಕೊರಿಯನ್ನರ ಸಾಂಪ್ರದಾಯಿಕ ಕೋಟು! ನಿನ್ನೆಯ ಹೊಸತು ಇಂದಿನ ಪರಂಪರೆಯಾಗುವುದು ಹೀಗೆ.

ಬಳ್ಳಾರಿಯ ಗಾಂಧಿನಗರದಿಂದ ಹಂಪಿ ಸುಮಾರು 60 ಕಿ.ಮೀ. ಜೀನ್ಸ್ ಹೊಲಿಗೆಗೆ ಹೆಸರಾದ ಊರಿನ ನೀವು ಅಲ್ಲಿಗೆ ಹೋದಾಗ ಹಜಾರ ರಾಮ ದೇವಾಲಯದ ಪ್ರಾಕಾರದ ಹೊರಗೋಡೆಯನ್ನು ನಿಧಾನವಾಗಿ ನೋಡಿ. ಕುದುರೆಗಳನ್ನಷ್ಟೇ ಎಣಿಸದೆ, ಅವನ್ನು ನಡೆಸುವವರು ಏನು ತೊಟ್ಟಿದ್ದಾರೆಂದು ಗುರುತಿಸಿ. ಮನೆಯಲ್ಲಿ ಹಸುಗೂಸಿದ್ದರೆ ಅದರ ತಲೆಯನ್ನೂ ನೋಡಿ. ಅಜ್ಜಿ ಹೊಲಿದುಕೊಟ್ಟ ಆ ಪುಟ್ಟ 'ಕುಲಾವಿ' ರಾಯರ ಕುಲ್ಲಾಯಿಯ ಹೆಸರನ್ನೇ ಹೊತ್ತಿದೆ.