ಮೂವತ್ತು ಅಂದ್ರೆ ಎಷ್ಟು ವಯಸ್ಸು? ಫ್ರಾಂಕ್ ರಾಬಿನ್ಸನ್ ಟ್ರೇಡ್‌ನ ಲೆಕ್ಕಾಚಾರ

ಇವತ್ತಿನ ಸಂಚಿಕೆ ಬೇಸ್‌ಬಾಲ್ ಬಗ್ಗೆ. ಆಟದ ನಿಯಮ ಗೊತ್ತಿಲ್ಲದಿದ್ರೂ ಪರವಾಗಿಲ್ಲ. ನಾನು ಹೇಳೋಕೆ ಹೊರಟಿರೋದು ಮೈದಾನದ ಕತೆಗಿಂತ ಹೆಚ್ಚಾಗಿ ಆಫೀಸಿನಲ್ಲಿ ಕೂತು ಮಾಡಿದ ಒಂದು ಲೆಕ್ಕದ ಕತೆ. ಪಿಚರ್ ಅಂದ್ರೆ ನಮ್ಮ ಬೌಲರ್ ಥರ, ಹೋಮ್ ರನ್ ಅಂದ್ರೆ ಹೆಚ್ಚುಕಡಿಮೆ ಸಿಕ್ಸರ್ ಥರ ಅಂತ ಇಟ್ಕೊಂಡ್ರೆ ಸಾಕು.

1965ರ ಡಿಸೆಂಬರ್ 9. ಸಿನ್ಸಿನಾಟಿ ರೆಡ್ಸ್ ತಂಡ ತನ್ನ ಅತಿ ದೊಡ್ಡ ಹೊಡೆತಗಾರ ಫ್ರಾಂಕ್ ರಾಬಿನ್ಸನ್ ಅವರನ್ನು ಬಾಲ್ಟಿಮೋರ್ ಓರಿಯೋಲ್ಸ್ ತಂಡಕ್ಕೆ ಬಿಟ್ಟುಕೊಟ್ಟಿತು. ಬದಲಿಗೆ ಮೂವರು ಬಂದರು. ಮಿಲ್ಟ್ ಪಾಪಸ್ ಮತ್ತು ಜ್ಯಾಕ್ ಬಾಲ್ಡ್‌ಶುನ್ ಅನ್ನೋ ಇಬ್ಬರು ಪಿಚರ್‌ಗಳು, ಡಿಕ್ ಸಿಂಪ್ಸನ್ ಅನ್ನೋ ಎಳೆಯ ಔಟ್‌ಫೀಲ್ಡರ್. ಅಮೆರಿಕದಲ್ಲಿ ಕೆಟ್ಟ ವ್ಯಾಪಾರಕ್ಕೆ ಉದಾಹರಣೆ ಬೇಕು ಅಂದಾಗಲೆಲ್ಲ ಇವತ್ತಿಗೂ ಇದರ ಹೆಸರು ಹೇಳ್ತಾರೆ. 1988ರ 'ಬುಲ್ ಡರ್ಹಮ್' ಸಿನಿಮಾದಲ್ಲೂ ಇದರ ಪ್ರಸ್ತಾಪ ಬರುತ್ತೆ. ಕೆಟ್ಟ ವ್ಯಾಪಾರ ಅನ್ನೋ ತೀರ್ಪನ್ನು ನಾನೂ ಒಪ್ತೀನಿ. ಆದ್ರೆ ಅದು ಯಾಕೆ ಕೆಟ್ಟದು ಅನ್ನೋದಕ್ಕೆ ಜನ ಕೊಡೋ ಕಾರಣ ಅರ್ಧ ಮಾತ್ರ ಸರಿ ಅಂತ ನನಗನ್ನಿಸುತ್ತೆ.

ಮೊದಲು ರೆಡ್ಸ್ ಕಡೆಯ ವಾದ ಕೇಳೋಣ, ಯಾಕಂದ್ರೆ ಅದನ್ನು ಯಾರೂ ಸರಿಯಾಗಿ ಕೇಳಲ್ಲ. 1965ರಲ್ಲಿ ಆ ತಂಡ 825 ರನ್ ಗಳಿಸಿತ್ತು. ಇಡೀ ಮೇಜರ್ ಲೀಗ್‌ನಲ್ಲಿ ಅಷ್ಟು ರನ್ ಬೇರೆ ಯಾರೂ ಗಳಿಸಿರಲಿಲ್ಲ. ಆದ್ರೂ 89 ಪಂದ್ಯ ಗೆದ್ದು ನಾಲ್ಕನೇ ಸ್ಥಾನ. ಪಿಚರ್‌ಗಳಲ್ಲಿ ಸ್ಯಾಮಿ ಎಲ್ಲಿಸ್ 22, ಜಿಮ್ ಮಲೋನಿ 20 ಪಂದ್ಯ ಗೆದ್ದುಕೊಟ್ಟಿದ್ದರು. ಅವರಿಬ್ಬರನ್ನು ಬಿಟ್ಟರೆ ನೆಚ್ಚಿಕೊಳ್ಳೋಕೆ ಹೆಚ್ಚೇನೂ ಇರಲಿಲ್ಲ. ಬ್ಯಾಟಿಂಗ್‌ನಲ್ಲಾದರೋ ಪೀಟ್ ರೋಸ್, ವೇಡಾ ಪಿನ್ಸನ್, 130 ರನ್ ಹೊಡೆದು ತಂದ ಡೆರಾನ್ ಜಾನ್ಸನ್ ಎಲ್ಲ ಇದ್ದರು, ಟೋನಿ ಪೆರೆಜ್ ಬೆಳೆಯುತ್ತಿದ್ದರು. ಮನೆಯಲ್ಲಿ ಅಕ್ಕಿ ಮೂಟೆ ತುಂಬಿದೆ, ಬೇಳೆ ಇಲ್ಲ ಅಂದಾಗ ಒಂದು ಮೂಟೆ ಕೊಟ್ಟು ಬೇಳೆ ತರೋದು ತಪ್ಪಾ? ಪಾಪಸ್‌ಗೆ ಆಗ 26 ವರ್ಷ. ಬಾಲ್ಟಿಮೋರ್‌ಗೆ ಅದಾಗಲೇ 110 ಪಂದ್ಯ ಗೆದ್ದುಕೊಟ್ಟಿದ್ದವರು. ಕಾಗದದ ಮೇಲೆ ಇದು ಹುಚ್ಚುತನವಂತೂ ಅಲ್ಲ.

ಲೆಕ್ಕ ತಪ್ಪಿದ್ದು ಇನ್ನೊಂದು ಕಡೆ. ರೆಡ್ಸ್ ಮಾಲೀಕ ಬಿಲ್ ಡೆವಿಟ್ ಈ ಟ್ರೇಡ್ ಸಮರ್ಥಿಸಿಕೊಳ್ಳುವಾಗ, ರಾಬಿನ್ಸನ್‌ಗೆ ಮೂವತ್ತಾಗಿದೆ, ಆದರೆ ಅದು ಎಳೆಯ ಮೂವತ್ತಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಜನರ ಬಾಯಲ್ಲಿ ಅದೇ ಮುಂದೆ 'ಮುದಿ ಮೂವತ್ತು' ಆಯ್ತು. ರಾಬಿನ್ಸನ್ ಹುಟ್ಟಿದ್ದು 1935ರ ಆಗಸ್ಟ್ 31. ಅಂದ್ರೆ ಟ್ರೇಡ್ ದಿನಕ್ಕೆ ಮೂವತ್ತು ತುಂಬಿ ಮೂರು ತಿಂಗಳು. ಹಿಂದಿನ ಸೀಸನ್‌ನಲ್ಲಿ 33 ಹೋಮ್ ರನ್, 113 ರನ್ ಹೊಡೆದು ತಂದಿದ್ದರು. ಈ ಅಂಕಿಗಳಲ್ಲಿ ಮುಪ್ಪು ಎಲ್ಲಿ ಕಾಣಿಸ್ತು ಅಂತ ನಾನು ಎಷ್ಟು ಸಲ ನೋಡಿದ್ರೂ ನನಗೆ ಸಿಕ್ಕಿಲ್ಲ.

ತಮಾಷೆ ಏನು ಗೊತ್ತಾ? ಇದೇ ಡೆವಿಟ್ ಐದು ವರ್ಷ ಮೊದಲು ವ್ಯಾಪಾರದ ಆ ಬದಿಯಲ್ಲಿ ನಿಂತಿದ್ದವರು. 1960ರಲ್ಲಿ ಡೆಟ್ರಾಯಿಟ್ ತಂಡದ ಅಧ್ಯಕ್ಷರಾಗಿ, ಹಾರ್ವಿ ಕ್ಯೂನ್ ಅವರನ್ನು ಕೊಟ್ಟು ಕ್ಲೀವ್‌ಲ್ಯಾಂಡ್‌ನಿಂದ ರಾಕಿ ಕೊಲವಿಟೊ ಅವರನ್ನು ತಂದಿದ್ದರು. ಕ್ಯೂನ್ ಸರಾಸರಿಯಲ್ಲಿ ಲೀಗ್‌ಗೇ ಮೊದಲಿಗರು, ಕೊಲವಿಟೊ 42 ಹೋಮ್ ರನ್ ಬಾರಿಸಿದ್ದವರು. ಹೊಡೆತಗಾರನನ್ನು ಬಿಟ್ಟುಕೊಟ್ಟ ಕ್ಲೀವ್‌ಲ್ಯಾಂಡ್‌ನ ಅಭಿಮಾನಿಗಳು ಎಷ್ಟು ನೊಂದರು ಅನ್ನೋದನ್ನ ಹತ್ತಿರದಿಂದ ಕಂಡ ಮನುಷ್ಯ ಇವರು.

1966ರಲ್ಲಿ ಏನಾಯ್ತು ಅನ್ನೋದನ್ನ ಬೇಗ ಹೇಳಿಬಿಡ್ತೀನಿ. ರಾಬಿನ್ಸನ್ ಸರಾಸರಿ .316, ಹೋಮ್ ರನ್ 49, ಹೊಡೆದು ತಂದ ರನ್ 122. ಮೂರರಲ್ಲೂ ಅಮೆರಿಕನ್ ಲೀಗ್‌ನಲ್ಲಿ ಮೊದಲ ಸ್ಥಾನ. ಅದಕ್ಕೆ ಟ್ರಿಪಲ್ ಕ್ರೌನ್ ಅಂತಾರೆ. ಮೇ 8ರಂದು ಲೂಯಿಸ್ ಟಿಯಾಂಟ್ ಎಸೆತಕ್ಕೆ ಬಾರಿಸಿದ ಚೆಂಡು ಬಾಲ್ಟಿಮೋರ್‌ನ ಮೆಮೋರಿಯಲ್ ಸ್ಟೇಡಿಯಂನಿಂದಲೇ ಹೊರಗೆ ಹೋಯ್ತು. ಅದು ದಾಟಿಹೋದ ಜಾಗದಲ್ಲಿ 'ಇಲ್ಲಿ' ಅಂತ ಬರೆದ ಬಾವುಟ ಹಾರಿಸಿದ್ರು. ವರ್ಲ್ಡ್ ಸೀರೀಸ್‌ನಲ್ಲಿ ಓರಿಯೋಲ್ಸ್ ಡಾಡ್ಜರ್ಸ್ ತಂಡವನ್ನು 4-0 ಅಂತ ಗುಡಿಸಿ ಹಾಕಿತು. ಕೊನೆಯ ಪಂದ್ಯ 1-0. ಆ ಒಂದು ರನ್ ರಾಬಿನ್ಸನ್ ಅವರ ಹೋಮ್ ರನ್. ಅತ್ತ ಸಿನ್ಸಿನಾಟಿಯಲ್ಲಿ ಪಾಪಸ್ 12 ಗೆದ್ದು 11 ಸೋತರು. ಬಾಲ್ಡ್‌ಶುನ್‌ಗೆ ಒಂದು ಗೆಲುವು, ಐದು ಸೋಲು. ಸಿಂಪ್ಸನ್‌ಗೆ ನಾಲ್ಕು ಹೋಮ್ ರನ್. ತಂಡ ಏಳನೇ ಸ್ಥಾನಕ್ಕೆ ಕುಸಿಯಿತು, ರನ್ ಗಳಿಕೆಯೂ ನೂರಕ್ಕಿಂತ ಹೆಚ್ಚು ಇಳಿಯಿತು. ಮೂಟೆ ತುಂಬಿದೆ ಅಂದುಕೊಂಡಿದ್ದು ಒಬ್ಬನಿಂದ ತುಂಬಿತ್ತು.

ಬಾಲ್ಟಿಮೋರ್ ಕಡೆಯ ಜಾಣತನವನ್ನೂ ನೋಡಬೇಕು. ಅವರು ಪಾಪಸ್‌ನ ಯಾಕೆ ಬಿಟ್ಟುಕೊಡೋಕೆ ಆಯ್ತು? ಹಿಂದೆ ಸಾಲುಗಟ್ಟಿ ಹುಡುಗರು ನಿಂತಿದ್ರು. ಡೇವ್ ಮೆಕ್‌ನ್ಯಾಲಿ, ವಾಲಿ ಬಂಕರ್, ಜಿಮ್ ಪಾಮರ್. ಆ ವರ್ಲ್ಡ್ ಸೀರೀಸ್‌ನ ಎರಡನೇ ಪಂದ್ಯದಲ್ಲಿ ಸ್ಯಾಂಡಿ ಕೋಫ್ಯಾಕ್ಸ್ ಅಂಥವರ ಎದುರು ಒಂದೂ ರನ್ ಕೊಡದೆ ಗೆದ್ದಾಗ ಪಾಮರ್‌ಗೆ ಇನ್ನೂ 20 ವರ್ಷ. ಇನ್ನಿಬ್ಬರನ್ನಂತೂ ಅದೇ ತಿಂಗಳು ಬೇರೆ ತಂಡಗಳಿಂದ ಕೊಂಡು ತಂದು, ಹಾಗೇ ರೆಡ್ಸ್‌ಗೆ ದಾಟಿಸಿದ್ದು! ಸಿಂಪ್ಸನ್ ಬಂದು ಒಂದು ವಾರ, ಬಾಲ್ಡ್‌ಶುನ್ ಬಂದು ಮೂರು ದಿನ. ನನ್ನ ಪ್ರಕಾರ ನಿಜವಾದ ತಪ್ಪು ಇರೋದು ಇಲ್ಲಿ. ಪಿಚರ್ ನಾಲ್ಕೈದು ದಿನಕ್ಕೊಮ್ಮೆ ಆಡ್ತಾನೆ, ರಾಬಿನ್ಸನ್ ಹೆಚ್ಚುಕಡಿಮೆ ಪ್ರತಿದಿನ ಆಡ್ತಾರೆ. ಡೆವಿಟ್ ಆ ತೂಕವನ್ನು ತಲೆ ಎಣಿಸಿ ಸರಿದೂಗಿಸೋಕೆ ಹೋದ್ರು. ಒಬ್ಬನಿಗೆ ಮೂವರು ಅಂದ್ರೆ ಲಾಭ ಅಂತ ಕಾಣುತ್ತೆ ನಿಜ, ಆದ್ರೆ ಮೈದಾನದಲ್ಲಿ ಆ ಒಬ್ಬನ ಜಾಗದಲ್ಲಿ ಒಬ್ಬನೇ ನಿಲ್ಲೋಕಾಗೋದು.

ಇಷ್ಟೆಲ್ಲ ಲೆಕ್ಕದಲ್ಲಿ ರಾಬಿನ್ಸನ್ ಅವರನ್ನು ಯಾರೂ ಕೇಳಲಿಲ್ಲ. ಇವತ್ತು ಐಪಿಎಲ್‌ನಲ್ಲಿ ಟ್ರೇಡ್ ಆಗಬೇಕಾದ್ರೆ ಆಟಗಾರನ ಒಪ್ಪಿಗೆಯೂ ಬೇಕು. ಅಂದಿನ ಬೇಸ್‌ಬಾಲ್‌ನಲ್ಲಿ ರಿಸರ್ವ್ ಷರತ್ತು ಅಂತ ಒಂದಿತ್ತು. ಒಪ್ಪಂದ ಮುಗಿದರೂ ಆಟಗಾರ ತಂಡದ ಸ್ವತ್ತೇ. ಹತ್ತು ವರ್ಷ, 324 ಹೋಮ್ ರನ್, ಒಂದು ಎಂವಿಪಿ ಪ್ರಶಸ್ತಿ ಕೊಟ್ಟ ಊರನ್ನು ಬಿಟ್ಟು ಹೆಂಡತಿ ಮಕ್ಕಳ ಜತೆ ಹೊಸ ಊರಿಗೆ ಹೋಗಬೇಕು. ಅಲ್ಲಿ ಹೋದಾಗ ಕಪ್ಪು ಜನರಿಗೆ ಒಳ್ಳೆಯ ಬಡಾವಣೆಯಲ್ಲಿ ಮನೆ ಸಿಗೋದೇ ಕಷ್ಟ. ಟ್ರಿಪಲ್ ಕ್ರೌನ್ ಗೆದ್ದ ವರ್ಷ ಅವರ ಕುಟುಂಬ ಬಾಡಿಗೆ ಮನೆಗಾಗಿ ಅಲೆದಿತ್ತು. ಟ್ರೇಡ್ ತೂಗುವವರ ತಕ್ಕಡಿಯಲ್ಲಿ ಇದನ್ನಿಡೋಕೆ ಜಾಗವೇ ಇಲ್ಲ. ಆ ಷರತ್ತು ಮುರಿದುಬಿದ್ದದ್ದು 1975ರ ಡಿಸೆಂಬರ್‌ನಲ್ಲಿ, ಇಬ್ಬರು ಪಿಚರ್‌ಗಳ ದೂರಿನ ಮೇಲೆ ಬಂದ ಪಂಚಾಯ್ತಿ ತೀರ್ಪಿನಿಂದ. ಅವರಲ್ಲೊಬ್ಬರು, 1966ರ ಆ 1-0 ಪಂದ್ಯ ಗೆದ್ದುಕೊಟ್ಟ ಡೇವ್ ಮೆಕ್‌ನ್ಯಾಲಿ.

ಈಗ ಟ್ರೇಡ್‌ನ ಬಾಲಂಗೋಚಿ. ರೆಡ್ಸ್ ಅಭಿಮಾನಿಗಳು ಸಮಾಧಾನಕ್ಕೆ ಹೇಳಿಕೊಳ್ಳೋ ಕತೆ ಇದು, ಸುಳ್ಳೇನಲ್ಲ. 1968ರಲ್ಲಿ ಪಾಪಸ್‌ನ ಅಟ್ಲಾಂಟಾಗೆ ಕೊಟ್ಟ ವ್ಯವಹಾರದಲ್ಲಿ ಟೋನಿ ಕ್ಲೋನಿಂಜರ್, ಕ್ಲೇ ಕ್ಯಾರಲ್ ಬಂದರು. ಸಿಂಪ್ಸನ್‌ನ ಕೊಟ್ಟು ಅಲೆಕ್ಸ್ ಜಾನ್ಸನ್, ಜಾನ್ಸನ್‌ನ ಕೊಟ್ಟು ಪೆಡ್ರೊ ಬೋರ್ಬಾನ್. ಕ್ಯಾರಲ್, ಬೋರ್ಬಾನ್ ಇಬ್ಬರೂ ಎಪ್ಪತ್ತರ ದಶಕದ ಆ ಬಲಾಢ್ಯ ರೆಡ್ಸ್ ತಂಡದ ಪಿಚಿಂಗ್‌ಗೆ ಆಧಾರವಾದವರು. 1975ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದ ಗೆಲುವು ದಾಖಲಾಗಿರೋದು ಕ್ಯಾರಲ್ ಹೆಸರಲ್ಲಿ. ಆದ್ರೆ ಇದನ್ನು ಡೆವಿಟ್ ಖಾತೆಗೆ ಜಮಾ ಮಾಡೋಕೆ ನಾನು ಒಪ್ಪಲ್ಲ. ಆ ವ್ಯವಹಾರಗಳೆಲ್ಲ ಅವರು ತಂಡ ಮಾರಿ ಹೋದ ಮೇಲೆ ಬಂದ ಬಾಬ್ ಹೌಸಮ್ ಅವರ ಕೈಚಳಕ. ಕೆಟ್ಟುಹೋದ ಬಂಡವಾಳದಿಂದ ಇನ್ನೊಬ್ಬ ದುಡಿದರೆ ಕಳೆದವನಿಗೆ ಹೆಸರು ಬರಬಾರದು.

ಅದಕ್ಕೂ ಮೊದಲು, 1970ರಲ್ಲಿ, ಇವೇ ಎರಡು ತಂಡಗಳು ವರ್ಲ್ಡ್ ಸೀರೀಸ್‌ನಲ್ಲಿ ಎದುರಾದವು. ಓರಿಯೋಲ್ಸ್ 4-1 ಗೆದ್ದಿತು. ರೆಡ್ಸ್‌ಗೆ ಸಿಕ್ಕ ಆ ಒಂದೇ ಗೆಲುವು ಕ್ಲೇ ಕ್ಯಾರಲ್ ಅವರದ್ದು. ಹಿಂದಿನ ದಿನ, ಮೂರನೇ ಪಂದ್ಯದಲ್ಲಿ, ರೆಡ್ಸ್ ಪರ ಎಸೆಯೋಕೆ ಬಂದವರು ಟೋನಿ ಕ್ಲೋನಿಂಜರ್. ಅವರ ಎಸೆತಕ್ಕೆ ಹೋಮ್ ರನ್ ಬಾರಿಸಿದವರಲ್ಲಿ ಒಬ್ಬರು ಫ್ರಾಂಕ್ ರಾಬಿನ್ಸನ್, ವಯಸ್ಸು 35.