ಕೈಗುಣದ ಬೆಲೆ: ಮಿರಜ–ಸಾಂಗ್ಲಿಯಲ್ಲಿ ವೈದ್ಯ, ರೋಗಿ ಮತ್ತು ದುಡ್ಡು

ಹೆಚ್ಚು ದುಡ್ಡು ಕೊಟ್ಟವರ ಮಾತನ್ನು ಡಾಕ್ಟರು ಹೆಚ್ಚು ಹೊತ್ತು ಕೇಳಬೇಕೇ? ಇದು ನನ್ನ ಪ್ರಶ್ನೆ. 1996ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಕೆಲವೇ ಕುಟುಂಬಗಳಿಂದ ವರ್ಷದ ಶುಲ್ಕ ಪಡೆದು, ಅವರಿಗೆ ಯಾವ ಹೊತ್ತಿಗೂ ಸಿಗುವ ವೈದ್ಯಪದ್ಧತಿ ಶುರುವಾಯಿತು. ಆದರೆ ದುಡ್ಡಿಗೂ ವೈದ್ಯನ ಗಮನಕ್ಕೂ ಇರುವ ನಂಟು ನಮ್ಮ ಕಡೆ ಅದಕ್ಕಿಂತ ಹಳೆಯದು.

ಕೆನಡಾ ಮೂಲದ ಮಿಷನರಿ ವೈದ್ಯ ವಿಲಿಯಂ ವಾನ್ಲೆಸ್ 1889ರಲ್ಲಿ ಭಾರತಕ್ಕೆ ಬಂದು, ಮೊದಲು ಸಾಂಗ್ಲಿಯಲ್ಲಿ ಸಣ್ಣ ದವಾಖಾನೆ ನಡೆಸಿದರು. ಮಿರಜದ ಆಸ್ಪತ್ರೆ ತೆರೆದದ್ದು 1894ರಲ್ಲಿ. ಆಗ ಎರಡೂ ಊರು ಪಟವರ್ಧನ ಮನೆತನದ ಸಂಸ್ಥಾನಗಳು. ಪುಣೆ, ಬೆಳಗಾವಿ, ಕೊಲ್ಲಾಪುರದ ರೈಲು ಹಾದಿಗಳು ಕೂಡುವ ಮಿರಜಕ್ಕೆ ಅಥಣಿ, ಚಿಕ್ಕೋಡಿ, ಜತ್ತ ಕಡೆಯ ಕನ್ನಡ ಮಂದಿಯೂ ಹೋಗತಿದ್ದರು. ಈಗಲೂ ಹೋಗತಾರೆ.

ಇಲ್ಲಿ ದುಡ್ಡಿನ ಲೆಕ್ಕ ನೋಡಬೇಕು. ಉಳ್ಳವರು ಶುಲ್ಕ ಕೊಡುತ್ತಿದ್ದರು, ಇಲ್ಲದವರಿಗೆ ಚಿಕಿತ್ಸೆ ಉಚಿತ. ಮಿಷನ್ ವೈದ್ಯರಿಗೆ ಸಂಬಳ ಗೊತ್ತುಮಾಡಿದ್ದು. ಬಂದ ಶುಲ್ಕ ಆಸ್ಪತ್ರೆಯ ಖಾತೆಗೆ ಸೇರುತ್ತಿತ್ತು. ಹಾಗಾಗಿ ಒಬ್ಬ ಶ್ರೀಮಂತ ತನ್ನ ಆರೈಕೆಗೆ ಕೊಟ್ಟ ರೂಪಾಯಿಯಲ್ಲಿ ಮತ್ತೊಬ್ಬರ ಔಷಧದ ಪಾಲೂ ಇರುತ್ತಿತ್ತು. ಇದನ್ನು ಬರೀ ಪುಣ್ಯದ ಕೆಲಸವೆಂದು ಹಾಡಿಹೊಗಳಬೇಕಿಲ್ಲ. ಮಿಷನ್ ದವಾಖಾನೆಗಳಲ್ಲಿ ಸರದಿಗೆ ಕೂತ ಬಡರೋಗಿ ಧರ್ಮಬೋಧೆ ಕೇಳಬೇಕಾಗಿತ್ತು. ಅದೂ ಒಂದು ಬೆಲೆಯೇ.

ಸಾಹಿತ್ಯದ ವಿದ್ಯಾರ್ಥಿಯಾಗಿ ನನ್ನನ್ನು ಹಿಡಿದು ನಿಲ್ಲಿಸೋದು ‘ಕೈಗುಣ’ ಅನ್ನೋ ಮಾತು. ‘ಆ ಡಾಕ್ಟರ ಕೈಗುಣ ಛಲೋ ಐತಿ’ ಅಂತ ನಮ್ಮ ಹಳ್ಳಿಗಳಲ್ಲಿ ಹೇಳುವಾಗ ಔಷಧದ ಮಾತಷ್ಟೇ ಇರೋದಿಲ್ಲ. ನಾಡಿ ಹಿಡಿದದ್ದು, ಮನೆಮಂದಿಯನ್ನು ವಿಚಾರಿಸಿದ್ದು, ಹೇಳಿದ್ದನ್ನು ಪೂರ್ತಿ ಕೇಳಿದ್ದು, ಎಲ್ಲ ಆ ಒಂದು ಶಬ್ದದಲ್ಲಿ ಅಡಗಿವೆ. ಗಡಿ ದಾಟಿ ಹೋದವರಿಗೆ ಇದರಲ್ಲಿ ಭಾಷೆಯೂ ಸೇರುತ್ತದೆ. ‘ಎದಿ ಒಳಗ ಉರಿ’ ಅನ್ನೋದಕ್ಕೂ ‘ಎದಿ ಹಿಡದಂಗ ಆಗತೈತಿ’ ಅನ್ನೋದಕ್ಕೂ ಇರುವ ಫರಕು ಮರಾಠಿಯ ಅವಸರದಲ್ಲಿ ತಪ್ಪಿಹೋದರೆ ಜೀವಕ್ಕೇ ಅಪಾಯ. ಬಿಡುವಿರುವ ವೈದ್ಯ ಮತ್ತೊಮ್ಮೆ ಕೇಳಿಯಾನು. ಇಲ್ಲಿ ಸಮಯವೂ ಚಿಕಿತ್ಸೆಯ ಭಾಗ.

1946ರ ಭೋರ್ ಸಮಿತಿ, ದುಡ್ಡಿಲ್ಲವೆಂದು ಯಾರಿಗೂ ವೈದ್ಯಕೀಯ ಸೇವೆ ತಪ್ಪಬಾರದು ಎಂದಿತು. ಮಿರಜದಲ್ಲಿ 1962ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂತು. ಆದರೂ ಉದ್ದನೆಯ ಸರದಿ ನೋಡಿ, ಸಾಲ ಮಾಡಿಯಾದರೂ ಖಾಸಗಿಯವರ ಹತ್ರ ಹೋಗುವ ಮನೆಗಳು ಎರಡೂ ರಾಜ್ಯಗಳಲ್ಲಿವೆ. ಅವರನ್ನು ನಾನು ತಪ್ಪೆನ್ನಲಾರೆ. ಅವರು ಕೊಳ್ಳುತ್ತಿರುವುದು ಕೇಳುವ ಕಿವಿಯನ್ನು.

ನನ್ನ ವಾದ ಇಷ್ಟು: ಹೆಚ್ಚು ಆರೈಕೆಗೆ ಹೆಚ್ಚು ದುಡ್ಡು ಕೊಡುವುದು ಹೊಸ ಪಾಪವಲ್ಲ. ಆ ದುಡ್ಡು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕು. ಮಿರಜದ ಹಳೆಯ ಲೆಕ್ಕದಲ್ಲಿ ಅದು ಪಕ್ಕದ ಮಂಚದವರೆಗೂ ಹೋಗುತ್ತಿತ್ತು. ವಾರ್ಷಿಕ ಶುಲ್ಕದ ಹೊಸ ಲೆಕ್ಕದಲ್ಲಿ ಕೊಟ್ಟವನ ಬಾಗಿಲಲ್ಲೇ ನಿಲ್ಲುತ್ತದೆ. ಚರ್ಚೆ ಇಲ್ಲಿಂದ ಶುರುವಾಗಲಿ.